ತುಪ್ಪುಳಿಲ್ಲದ ಹಾಸಿಗೆ, ಹೊದಿಕೆ: ರಾಯಚೂರಿನ ಒಂದು ಗಾದಿ ಅಂಗಡಿಯ ಅನುಭವ
ಮಗಳು ಓದಲೆಂದು ಶಿಮ್ಲಾಕ್ಕೆ ಹೊರಟಾಗ ಒಂದು ದಪ್ಪ ಜಾಕೆಟ್, ಒಂದು ರಜಾಯಿ ಮತ್ತು ಎರಡು ತಲೆದಿಂಬು ಬೇಕಾದವು. ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಜಾಕೆಟ್ಟಿನ ಒಳಚೀಟಿಯಲ್ಲಿ ‘ಶೇ. 90 ಡಕ್ ಡೌನ್, ಶೇ. 10 ಫೆದರ್’ ಎಂದಿತ್ತು. ಡೌನ್ ಎಂದರೆ ಬಾತು, ಹೆಬ್ಬಾತುಗಳ ಮೈಮೇಲೆ ಗರಿಗಳ ಅಡಿಯಲ್ಲಿರುವ ಮೆತ್ತನೆಯ ತುಪ್ಪುಳು. ಅದರ ಬಹುಪಾಲು ಮಾಂಸಕ್ಕಾಗಿ ಕೊಂದ ಹಕ್ಕಿಗಳದು. ಜೀವಂತ ಹಕ್ಕಿಯ ಮೈಯಿಂದಲೇ ಕಿತ್ತ ಪ್ರಕರಣಗಳೂ ಬಯಲಿಗೆ ಬಂದಿವೆ. 2014ರಲ್ಲಿ ಜಾರಿಗೆ ಬಂದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಪ್ರಮಾಣಪತ್ರವು ಹಾಗೆ ಕೀಳುವುದನ್ನೂ ಬಲವಂತವಾಗಿ ಮೇವು ತುರುಕುವುದನ್ನೂ ನಿಷೇಧಿಸುತ್ತದೆಯಾದರೂ, ಹಕ್ಕಿಯ ಜೀವವಂತೂ ಉಳಿಯುವುದಿಲ್ಲ. ಜಾಕೆಟ್ಟನ್ನು ಹಿಂದಿರುಗಿಸಿದೆವು.

ದಿಂಬಿಗಾಗಿ ದೂರ ಹೋಗಬೇಕಾಗಲಿಲ್ಲ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ನಮ್ಮ ರಾಯಚೂರಿನಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಅಂಗಡಿಗಳು ಇನ್ನೂ ಇವೆ. ನಾನು ಹೋದದ್ದು ಗಂಜ್ ಕಡೆಯ, ಫಲಕವೂ ಇಲ್ಲದ ಒಂದು ಸಣ್ಣ ಅಂಗಡಿಗೆ. ಬೂರುಗದ ಮರದ ಕಾಯಿಯಲ್ಲಿ ಸಿಗುವ ಹತ್ತಿಯನ್ನು ಕೇಳಿದಾಗ ಅಂಗಡಿಯವರು ಎರಡು ಮೂಟೆಗಳಿಂದ ಒಂದೊಂದು ಹಿಡಿ ತೆಗೆದು ನನ್ನ ಎರಡೂ ಅಂಗೈಗಳ ಮೇಲೆ ಇಟ್ಟು, “ಬತ್ತಿ ಹೊಸದು ನೋಡ್ರಿ ಅಕ್ಕಾರ” ಎಂದರು. ಎಡಗೈಯ ಸಾದಾ ಅರಳೆ ದೇವರ ದೀಪದ ಬತ್ತಿಯಂತೆ ಸಲೀಸಾಗಿ ಹೊಸೆಯಿತು. ಬಲಗೈಯಲ್ಲಿದ್ದದ್ದು ರೇಷ್ಮೆಯಂತೆ ಹೊಳೆಯುತ್ತಿತ್ತು, ಎಷ್ಟು ಹೊಸೆದರೂ ಬೆರಳುಗಳ ನಡುವೆ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಬೂರುಗದ ಎಳೆ ನುಣುಪು, ಅದಕ್ಕೆ ತಿರುಚು ನಿಲ್ಲುವುದಿಲ್ಲ. ನೂಲಿಗೆ ಒಗ್ಗದ ಈ ಗುಣವೇ, ಬೂರುಗಕ್ಕೆ ಸಾದಾ ಅರಳೆ ಬೆರೆಸಿದ್ದರೆ ಅದನ್ನು ಕಂಡುಹಿಡಿಯುವ ದಾರಿಯೂ ಆಯಿತು. ಎಳೆಯ ಒಳಗೆ ಟೊಳ್ಳು, ಮೇಲೆ ಮೇಣದ ತೆಳುಪದರ. ಹಾಗಾಗಿ ಅದು ಹಗುರವಾಗಿದ್ದು, ನೀರನ್ನು ಬೇಗ ಹೀರುವುದಿಲ್ಲ. ಒಂದು ಕಾಲದಲ್ಲಿ ಹಡಗುಗಳ ಜೀವರಕ್ಷಕ ಅಂಗಿಗಳಿಗೆ ತುಂಬುತ್ತಿದ್ದುದು ಇದನ್ನೇ.

ಎರಡು ದಿಂಬಿಗೆ ಬಟ್ಟೆ, ಹೊಲಿಗೆ ಸೇರಿ 950 ರೂಪಾಯಿ ಕೊಟ್ಟೆ. ಹಿಡಿಸಿದಷ್ಟು ತುಂಬದೆ, ಮಗಳು ಮಗ್ಗುಲಾಗಿ ಮಲಗುತ್ತಾಳೋ ಅಂಗಾತ ಮಲಗುತ್ತಾಳೋ ಎಂದು ಕೇಳಿ, ಅದಕ್ಕೆ ತಕ್ಕಂತೆ ಎರಡು ಬಾರಿ ತೆಗೆದು ತುಂಬಿದ ಅವರ ಶ್ರದ್ಧೆಗೆ ಬೆಲೆ ಕಟ್ಟಲಾರೆ. ನಮಗೂ ಒಂದು ಜೊತೆ ಮಾಡಿಸಿದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪಾಲಿಯೆಸ್ಟರ್ ದಿಂಬಿನ ಮೇಲೆ ಕತ್ತು ಬೆವರುತ್ತಿತ್ತು, ಈಗ ಆ ತೊಂದರೆಯಿಲ್ಲ. ಕೊರತೆಗಳನ್ನೂ ಹೇಳಬೇಕು: ಬೂರುಗದ ದಿಂಬನ್ನು ಒಗೆಯಲಾಗದು, ಆಗಾಗ ಬಿಸಿಲಿಗೆ ಹಾಕಬೇಕು, ಕೆಲವು ವರ್ಷಗಳಲ್ಲಿ ಅದು ಕುಗ್ಗುತ್ತದೆ. ನೇಯ್ಗೆ ದಟ್ಟವಾಗಿರದಿದ್ದರೆ ಎಳೆಗಳು ಹೊರಬಂದು ಸೀನು ತರಿಸುತ್ತವೆ. ಮೊದಲ ಗಲೀಫಿನಲ್ಲಿ ನನಗೆ ಹಾಗೆಯೇ ಆಯಿತು. ಅವರು ತಕರಾರಿಲ್ಲದೆ ಬದಲಿಸಿಕೊಟ್ಟರು.

ರಜಾಯಿಯ ವಿಷಯದಲ್ಲಿ ಮಾತ್ರ ಈ ಅಂಗಡಿಯಿಂದ ನನ್ನ ಕೆಲಸವಾಗಲಿಲ್ಲ. ಅರಳೆಯ ರಜಾಯಿ ಬೆಚ್ಚಗಿದ್ದರೂ ರೈಲಿನಲ್ಲಿ ಹೊತ್ತೊಯ್ಯಲು ಭಾರ, ತೇವ ಹಿಡಿದರೆ ಆ ಚಳಿಯಲ್ಲಿ ಒಣಗಿಸುವುದು ಕಷ್ಟ. ಕೊನೆಗೆ ಟೊಳ್ಳೆಳೆ ಪಾಲಿಯೆಸ್ಟರಿನದನ್ನೇ ಕೊಂಡೆವು.

ಜಾಕೆಟ್ಟಿಗೂ ಪಾಲಿಯೆಸ್ಟರ್ ತುಂಬಿದ್ದನ್ನೇ ಆರಿಸಿದೆ. ತುಪ್ಪುಳು ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ; ತೊಯ್ದರೆ ಅದು ಮುದ್ದೆಯಾಗಿ ಗಾಳಿಗೆ ಜಾಗವೇ ಇರುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಸೈನ್ಯವು ನೆನೆದರೂ ಬೆಚ್ಚಗಿಡುವ ಬದಲಿ ವಸ್ತುವನ್ನು ಬಯಸಿದ್ದರಿಂದಲೇ ಪ್ರೈಮಾಲಾಫ್ಟ್ ಎಂಬ ಪಾಲಿಯೆಸ್ಟರ್ ತುಂಬು ಹುಟ್ಟಿತು. ನಮ್ಮದು ಅಷ್ಟು ದುಬಾರಿಯದಲ್ಲ, ಸಾಮಾನ್ಯ ತುಂಬಿನದು. ಆದರೂ ಆಲಿಕಲ್ಲು ಮಳೆಯಲ್ಲಿ ತೋಳು ಪೂರ್ತಿ ತೊಯ್ದ ದಿನವೂ ಚಳಿಯೆನಿಸಲಿಲ್ಲ, ರಾತ್ರಿ ಕುರ್ಚಿಗೆ ಹಾಕಿದ್ದು ಬೆಳಿಗ್ಗೆಗೆ ಒಣಗಿತ್ತು ಎಂದು ಮಗಳು ಫೋನಿನಲ್ಲಿ ಹೇಳಿದಳು. ಅಷ್ಟೇ ಬೆಚ್ಚನೆಯ ತುಪ್ಪುಳಿನ ಜಾಕೆಟ್ಟಿಗಿಂತ ಇದು ಭಾರ, ಚೀಲದಲ್ಲಿ ಜಾಗವನ್ನೂ ಹೆಚ್ಚು ತಿನ್ನುತ್ತದೆ. ಒಗೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆಂಬ ಕಳವಳವೂ ನನಗಿದೆ. ಆದ್ದರಿಂದ ಕೊಳೆಯಾದ ಕಡೆಯಷ್ಟೇ ಒರೆಸಿ, ಅಪರೂಪಕ್ಕೆ ಒಗೆಯಲು ಹೇಳಿದ್ದೇನೆ.

ಗಾದಿ ಅಂಗಡಿಗೆ ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ; ಹಳೆಯ ದಿಂಬಿನ ಬೂರುಗ ಮನೆಯಲ್ಲಿದ್ದರೆ ಒಯ್ಯಿರಿ, ಅದನ್ನೇ ಬಿಡಿಸಿ ಹೊಸದರೊಂದಿಗೆ ಸೇರಿಸಿ ತುಂಬಿಕೊಡುತ್ತಾರೆ.