ಸಂಜೆ ನಾಲ್ಕಕ್ಕೂ ನಿಲ್ಲುವ ಮೇಕಪ್ ಯಾವುದು, ಜಡೆಯೋ ತುರುಬೋ: ಬಳಸಿ ನೋಡಿದ ಹೋಲಿಕೆ

ಬ್ಯಾಂಕಿನ ಕೌಂಟರಿನಲ್ಲಿ ಕೂತು ನನಗೆ 14 ವರ್ಷ ಆಯಿತು. ಮೊದಲು ಮಂಗಳೂರು, ಆಮೇಲೆ ಕಲಬುರಗಿ, ಈಗ ಬೆಂಗಳೂರು. ಒಂದೊಂದು ಊರಿನ ಹವೆಯೂ ನನ್ನ ಮೇಕಪ್ ಡಬ್ಬಿಯಿಂದ ಒಂದಷ್ಟು ಸಾಮಾನು ಹೊರಗೆ ಹಾಕಿಸಿದೆ. ನಮ್ಮ ಕೆಲಸದಲ್ಲಿ ಜನ ಮುಖ ನೋಡಿಯೇ ಮಾತು ಶುರು ಮಾಡುತ್ತಾರೆ. ದುಡ್ಡಿನ ವಿಷಯ ಅಲ್ವಾ. ಎದುರಿಗೆ ಕೂತವಳು ಅಚ್ಚುಕಟ್ಟಾಗಿ ಕಂಡರೆ ಅವರಿಗೂ ಒಂದು ಧೈರ್ಯ. ಹಾಗಾಗಿ ಇದನ್ನು ನಾನು ಶೋಕಿ ಅಂತ ನೋಡುವುದಿಲ್ಲ, ಕೆಲಸದ ಒಂದು ಭಾಗ ಅಂತಲೇ ನೋಡುತ್ತೇನೆ.

ಮನೆಯ ಕನ್ನಡಿಯಲ್ಲಿ ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಇರುವುದು ಸಂಜೆಗೆ. ಕಳೆದ ವರ್ಷ ನಾನೊಂದು ಪದ್ಧತಿ ಮಾಡಿಕೊಂಡೆ. ಒಂದು ವಾರ ಒಂದೇ ಬಗೆಯ ಮೇಕಪ್, ಒಂದೇ ಬಗೆಯ ಕೂದಲು. ಬೆಳಿಗ್ಗೆ 9.30ಕ್ಕೆ ಬ್ರಾಂಚಿನ ಕಿಟಕಿ ಪಕ್ಕ ಒಂದು ಫೋಟೋ, ಸಂಜೆ 4.30ಕ್ಕೆ ಅದೇ ಕಿಟಕಿ ಪಕ್ಕ ಇನ್ನೊಂದು. ಫಿಲ್ಟರ್ ಇಲ್ಲ, ಫ್ಲ್ಯಾಶ್ ಇಲ್ಲ. ಮಂಗಳೂರು, ಕಲಬುರಗಿಯ ಅನುಭವ ಮೊದಲೇ ಇತ್ತು. ನನ್ನದು ಎಣ್ಣೆ ಚರ್ಮ, ಗೋಧಿ ಬಣ್ಣಕ್ಕಿಂತ ಸ್ವಲ್ಪ ಗಾಢ. ಕೂದಲು ದಪ್ಪ, ಅಲೆಅಲೆ, ಸೊಂಟದವರೆಗೆ. ನಿಮ್ಮ ಚರ್ಮ ಒಣ ಆಗಿದ್ದರೆ, ಕೂದಲು ತೆಳು ಆಗಿದ್ದರೆ, ನಾನು ಹೇಳುವುದರಲ್ಲಿ ಅರ್ಧ ಬದಲಾಗುತ್ತದೆ.

ಮುಖಕ್ಕೆ: ಫೌಂಡೇಶನ್, ಸ್ಕಿನ್ ಟಿಂಟ್, ಬರೀ ಕಾಂಪ್ಯಾಕ್ಟ್

ಫೌಂಡೇಶನ್ನಿನಿಂದ ಶುರು ಮಾಡುತ್ತೇನೆ, ಯಾಕಂದ್ರೆ ಅದರಲ್ಲೇ ನಾನು ಜಾಸ್ತಿ ಪೆಟ್ಟು ತಿಂದಿದ್ದು. ಮೊದಲ ಸಲ ಕೊಂಡಾಗ ಅಂಗಡಿಯ ಹುಡುಗಿ ನನ್ನ ಮಣಿಕಟ್ಟಿಗೆ ಹಚ್ಚಿ, "ಮೇಡಂ, ಇದು ನಿಮಗೆ ಬ್ರೈಟ್ ಕಾಣುತ್ತೆ" ಅಂದಳು. ನನ್ನ ಬಣ್ಣಕ್ಕಿಂತ ಎರಡು ಶೇಡ್ ತಿಳಿ. ಅಂಗಡಿಯ ದೀಪದಲ್ಲಿ ಚೆನ್ನಾಗಿಯೇ ಕಂಡಿತು. ಮಾರನೇ ದಿನ ಮಧ್ಯಾಹ್ನ ಪೆನ್ಷನ್ ತೆಗೆಯಲು ಬಂದ ಅಜ್ಜಿಯೊಬ್ಬರು ಪಾಸ್‌ಬುಕ್ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತಾ, "ಯಾಕಮ್ಮ, ಹುಷಾರಿಲ್ವಾ? ಮುಖ ಎಲ್ಲ ಬಿಳಚಿಕೊಂಡಿದೆ" ಅಂದರು. ಬಾತ್‌ರೂಮಿಗೆ ಹೋಗಿ ನೋಡಿದೆ. ಮುಖ ಬೂದಿ ಬಣ್ಣ, ಕುತ್ತಿಗೆ ನನ್ನ ಬಣ್ಣ. ದವಡೆಯ ಕೆಳಗೆ ಗೆರೆ ಎಳೆದ ಹಾಗೆ ಎರಡೂ ಬೇರೆಬೇರೆ.

ತಪ್ಪು ಎಲ್ಲಿ ಆಯಿತು ಅಂತ ಆಮೇಲೆ ತಿಳಿಯಿತು. ನಮ್ಮಲ್ಲಿ ಬಹಳ ಜನರ ಚರ್ಮದ ಒಳಬಣ್ಣ ಹಳದಿ ಕಡೆಗಿರುತ್ತದೆ. ಅದರ ಮೇಲೆ ಗುಲಾಬಿ ಕಡೆಗಿರುವ ತಿಳಿ ಶೇಡ್ ಹಚ್ಚಿದರೆ ಬೂದಿಯಾಗಿ ಕಾಣುತ್ತದೆ. ಇನ್ನು ಕೆಲವು ಫೌಂಡೇಶನ್ ಮುಖದ ಎಣ್ಣೆಗೆ, ಗಾಳಿಗೆ ಒಂದೆರಡು ಗಂಟೆಯಲ್ಲಿ ಒಂದು ಶೇಡ್ ಗಾಢವಾಗುತ್ತವೆ. ಅದನ್ನೂ ಅಂಗಡಿಯಲ್ಲಿ ನಿಂತು ತಿಳಿಯಲು ಆಗುವುದಿಲ್ಲ. ಹಾಗಾಗಿ ಈಗ ನಾನು ಮಣಿಕಟ್ಟಿಗೆ ಹಚ್ಚಿಸಿಕೊಳ್ಳುವುದೇ ಇಲ್ಲ. ದವಡೆಯ ಮೇಲೆ, ಕುತ್ತಿಗೆಗೆ ಸ್ವಲ್ಪ ತಾಗುವ ಹಾಗೆ, ಮೂರು ಶೇಡಿನ ಮೂರು ಗೆರೆ. ಆಮೇಲೆ ಅಂಗಡಿಯಿಂದ ಹೊರಗೆ ಬಂದು, ಒಂದು ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಬಿಸಿಲಿನಲ್ಲಿ ಮೊಬೈಲ್ ಕ್ಯಾಮೆರಾ ತೆರೆದು ನೋಡುವುದು. ಯಾವ ಗೆರೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೋ ಅದೇ ನನ್ನ ಶೇಡ್.

ಸರಿಯಾದ ಶೇಡ್ ಸಿಕ್ಕಿದ ಮೇಲೂ ಫೌಂಡೇಶನ್ ನನಗೆ ದಿನದ ಕೆಲಸಕ್ಕೆ ಒಗ್ಗಲಿಲ್ಲ. 9.30ರ ಫೋಟೋದಲ್ಲಿ ಅದೇ ಎಲ್ಲದಕ್ಕಿಂತ ಮುಂದೆ. 4.30ರ ಫೋಟೋದಲ್ಲಿ ಮೂಗಿನ ಪಕ್ಕ ಬಿರುಕು, ನಗುವಾಗ ಬಾಯಿಯ ಎರಡೂ ಕಡೆ ಗೆರೆ. ಮದುವೆ ಮನೆಗೆ, ಇಂಟರ್‌ವ್ಯೂ ಪ್ಯಾನೆಲ್ಲಿಗೆ ಎರಡು ಮೂರು ಗಂಟೆ ಕೂರಬೇಕಾದಾಗ ಚೆನ್ನ. ಎಂಟು ಗಂಟೆಯ ಕೆಲಸಕ್ಕೆ ಬೇಡ.

ಸ್ಕಿನ್ ಟಿಂಟ್ ಅಥವಾ ಬಿಬಿ ಕ್ರೀಮ್ ಅನ್ನುವುದು ತೆಳು. ಕಲೆ ಮುಚ್ಚುವುದಿಲ್ಲ, ಬಣ್ಣದ ಏರುಪೇರನ್ನು ಮೆತ್ತಗೆ ಮಾಡುತ್ತದೆ ಅಷ್ಟೇ. ನನಗೆ ಕೆನ್ನೆಯ ಮೇಲೆ ಬಂಗು ಇದೆ. ಅಲ್ಲಿ, ಬಾಯಿಯ ಸುತ್ತ, ಹಣೆಯ ಅಂಚಿನಲ್ಲಿ ಮಾತ್ರ ಬೆರಳಿನಿಂದ ತಟ್ಟುತ್ತೇನೆ. ಮುಖ ಪೂರ್ತಿ ಹಚ್ಚುವುದಿಲ್ಲ. ಸಂಜೆ ಅದು ಮಾಸುವುದು ನಿಜ, ಆದರೆ ಒಂದೇ ಸಮ ಮಾಸುತ್ತದೆ. ತೇಪೆ ತೇಪೆಯಾಗಿ ಕಾಣುವುದಿಲ್ಲ.

ಬರೀ ಸನ್‌ಸ್ಕ್ರೀನ್, ಮೇಲೆ ಕಾಂಪ್ಯಾಕ್ಟ್, ಅಂದರೆ ಒತ್ತಿ ಗಟ್ಟಿ ಮಾಡಿದ ಪೌಡರ್, ಅನ್ನುವುದು ಮೂರನೆಯದು. ಬೆಳಗಿನ ಗಡಿಬಿಡಿಗೆ ಇದಕ್ಕಿಂತ ಸುಲಭ ಇಲ್ಲ. ಆದರೆ ಹಚ್ಚುವ ಕ್ರಮ ಮುಖ್ಯ. ಬೆವರಿದ ಮುಖಕ್ಕೆ ಪೌಡರ್ ಹಾಕಿದರೆ ಹಿಟ್ಟು ಕಲಸಿದ ಹಾಗಾಗುತ್ತದೆ. ಮೊದಲು ಟಿಶ್ಯೂ ಒತ್ತಿ ಎಣ್ಣೆ ತೆಗೆಯಬೇಕು, ಆಮೇಲೆ ಪಫ್ ಒತ್ತಬೇಕು. ಉಜ್ಜಬಾರದು. ಮಂಗಳೂರಿನ ಸೆಖೆಗೆ ಕಾಂಪ್ಯಾಕ್ಟ್ ಹನ್ನೊಂದು ಗಂಟೆಗೇ ಕರಗುತ್ತಿತ್ತು. ಅಲ್ಲಿ ನಾನು ಕೊನೆಗೆ ಬರೀ ಟಿಶ್ಯೂ ಇಟ್ಟುಕೊಂಡು ದಿನ ಕಳೆದೆ. ಕಲಬುರಗಿಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಅಲ್ಲಿ ಕಾಂಪ್ಯಾಕ್ಟ್ ಕರಗಲಿಲ್ಲ, ಬದಲಿಗೆ ಚರ್ಮವನ್ನೇ ಒಣಗಿಸಿ ಕಣ್ಣ ಕೆಳಗಿನ ಸುಕ್ಕನ್ನೆಲ್ಲ ಎತ್ತಿ ತೋರಿಸಿತು.

ಬೆಂಗಳೂರಿಗೆ ನನ್ನ ಆಯ್ಕೆ ಇದು: ಸನ್‌ಸ್ಕ್ರೀನ್, ಹತ್ತು ನಿಮಿಷ ಬಿಟ್ಟು ಬೇಕಾದಲ್ಲಿ ಟಿಂಟ್, ಹಣೆ ಮತ್ತು ಮೂಗಿನ ಮೇಲೆ ಮಾತ್ರ ಕಾಂಪ್ಯಾಕ್ಟ್. ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಟಿಂಟಿನ ಟ್ಯೂಬಿನ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಂಕಿ) ಅಂತ ಬರೆದಿದೆ ಎಂದು ಸನ್‌ಸ್ಕ್ರೀನ್ ಬಿಡಬೇಡಿ. ಆ ಲೆಕ್ಕ ಸಿಗಬೇಕಾದರೆ ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಕ್ರೀಮ್ ಬೇಕು. ಟಿಂಟನ್ನು ಅಷ್ಟು ಯಾರೂ ಹಚ್ಚುವುದಿಲ್ಲ. ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣವನ್ನು ಶೇ 97ರಷ್ಟು ತಡೆಯುತ್ತದೆ, 50 ಆದರೆ ಶೇ 98ರಷ್ಟು. ವ್ಯತ್ಯಾಸ ಇಷ್ಟೇ. ಹಚ್ಚುವ ಪ್ರಮಾಣದಲ್ಲೇ ಎಲ್ಲ ಇದೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರುವುದು ನಮ್ಮ ಬಣ್ಣದ ಮೇಲೆ ಬಿಳಿ ಪದರ ಬಿಡುತ್ತದೆ. ಕೊಳ್ಳುವಾಗ ನೋಡಿಕೊಳ್ಳಿ.

ತುಟಿಗೆ: ಲಿಕ್ವಿಡ್ ಮ್ಯಾಟ್, ಮಾಮೂಲಿ ಕಡ್ಡಿ

ಲಿಕ್ವಿಡ್ ಮ್ಯಾಟ್ ಹಚ್ಚಿದರೆ ಅದರ ದ್ರವ ಆರಿ ತುಟಿಯ ಮೇಲೆ ತೆಳು ಪೊರೆ ಉಳಿಯುತ್ತದೆ. ಕಾಫಿ ಲೋಟಕ್ಕೆ ಅಂಟುವುದಿಲ್ಲ, ಮಾತಾಡಿದರೆ ಹೋಗುವುದಿಲ್ಲ. ಮಧ್ಯಾಹ್ನ ಒಂದರವರೆಗೆ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಅದನ್ನು ಕರಗಿಸುವುದು ಎಣ್ಣೆ. ನಮ್ಮ ಡಬ್ಬಿ ಊಟದಲ್ಲಿ ಎಣ್ಣೆ ಇಲ್ಲದ ದಿನ ಯಾವುದು? ಚಿತ್ರಾನ್ನ ತಿಂದು ಎದ್ದರೆ ತುಟಿಯ ಒಳಗಡೆ ಬಣ್ಣ ಪೂರ್ತಿ ಹೋಗಿ, ಅಂಚಿನಲ್ಲಿ ಮಾತ್ರ ಗೆರೆ ಉಳಿದಿರುತ್ತದೆ. ಅದರ ಮೇಲೆ ಮತ್ತೆ ಹಚ್ಚಿದರೆ ಪುಡಿಪುಡಿಯಾಗಿ ಏಳುತ್ತದೆ. ಪೂರ್ತಿ ಒರೆಸಿ ಹೊಸದಾಗಿ ಶುರು ಮಾಡಬೇಕು. ಊಟದ ಅರ್ಧ ಗಂಟೆಯಲ್ಲಿ ಅದಕ್ಕೆ ಪುರಸೊತ್ತು ಎಲ್ಲಿ? ಕಲಬುರಗಿಯಲ್ಲಂತೂ ಪಕ್ಕದ ಕೌಂಟರಿನವರು, "ಮೇಡಂ, ತುಟಿ ಭಾಳ ಒಡದಾವಲ್ರೀ, ತುಪ್ಪ ಹಚ್ಚರಿ" ಅಂತ ದಿನಾ ಹೇಳುತ್ತಿದ್ದರು.

ಕಡ್ಡಿ ಲಿಪ್‌ಸ್ಟಿಕ್ ಊಟಕ್ಕೆ ಹೋಗುತ್ತದೆ. ಆದರೆ ಹೋದ ಮೇಲೆ ಹತ್ತು ಸೆಕೆಂಡಿನಲ್ಲಿ, ಕನ್ನಡಿ ಇಲ್ಲದೆಯೂ, ಮತ್ತೆ ಹಚ್ಚಬಹುದು. ನನಗೆ ಕಡ್ಡಿಯೇ ಸರಿ. ಹಚ್ಚಿ, ಟಿಶ್ಯೂ ಒತ್ತಿ, ಇನ್ನೊಮ್ಮೆ ಹಚ್ಚಿದರೆ ಇನ್ನೂ ಒಂದು ಗಂಟೆ ಜಾಸ್ತಿ ನಿಲ್ಲುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ನ್ಯೂಡ್ ಅಂತ ಮಾರುವ ತಿಳಿ ಬಣ್ಣಗಳು ನಮ್ಮಂಥವರ ತುಟಿಯನ್ನು ಅಳಿಸಿ ಹಾಕುತ್ತವೆ. ನಿಮ್ಮ ತುಟಿಯ ಸ್ವಂತ ಬಣ್ಣಕ್ಕಿಂತ ಸ್ವಲ್ಪವೇ ಗಾಢ ಇರುವುದನ್ನು ಹುಡುಕಿ. ನನಗೆ ಇಟ್ಟಿಗೆ ಬಣ್ಣ, ಕಂದು ಬೆರೆತ ಗುಲಾಬಿ ಎರಡೂ ಹೊಂದುತ್ತವೆ.

ಕಣ್ಣು, ಹಣೆ

ಕಾಡಿಗೆ ವಿಷಯ ಬೇಗ ಮುಗಿಸುತ್ತೇನೆ. ಕೆಳಗಿನ ರೆಪ್ಪೆಯೊಳಗೆ ಹಚ್ಚುವ ಯಾವ ಕಾಡಿಗೆಯೂ ಎಣ್ಣೆ ಚರ್ಮದ ಮೇಲೆ ಸಂಜೆವರೆಗೆ ನಿಲ್ಲಲಿಲ್ಲ. ತಿರುಗಿಸುವ ಕಡ್ಡಿ ಮೂರು ಗಂಟೆಗೆ ಹರಡಿತು, ಅಮ್ಮ ಮನೆಯಲ್ಲಿ ದೀಪಕ್ಕೆ ಹಿಡಿದು ಮಾಡಿದ್ದು ಹನ್ನೆರಡಕ್ಕೇ. ಅದೇ ಕಡ್ಡಿಯನ್ನು ಮೇಲಿನ ರೆಪ್ಪೆಕೂದಲಿನ ಬುಡಕ್ಕೆ ಸಣ್ಣದಾಗಿ ಎಳೆದಾಗ ಕಣ್ಣೂ ಎದ್ದು ಕಂಡಿತು, ಹರಡಲೂ ಇಲ್ಲ. ಹೆಸರು ಗೊತ್ತಿಲ್ಲದ, ಬಿಡಿಯಾಗಿ ಮಾರುವ ಸುರ್ಮಾ ಮಾತ್ರ ಕಣ್ಣಿಗೆ ಬೇಡವೇ ಬೇಡ. ಕೆಲವುದರಲ್ಲಿ ಸೀಸ (ಲೆಡ್) ಇರುತ್ತದೆ.

ಹಣೆಗೆ ಸ್ಟಿಕ್ಕರ್ ಬಿಂದಿಯೋ ಕುಂಕುಮವೋ? ಅಚ್ಚುಕಟ್ಟು ಅಂತ ನೋಡಿದರೆ ಸ್ಟಿಕ್ಕರ್ ಗೆಲ್ಲುತ್ತದೆ. ಅಂಚು ಕತ್ತರಿಸಿದ ಹಾಗಿರುತ್ತದೆ. ಆದರೆ ನನ್ನ ಚಿಕ್ಕಮ್ಮನಿಗೆ ಬಿಂದಿ ಇಡುವ ಜಾಗದಲ್ಲೇ ಬಿಳಿ ಮಚ್ಚೆ ಬಂತು. ಚರ್ಮದ ಡಾಕ್ಟರು ಅಂಟಿನಿಂದ ಹೀಗಾಗುತ್ತದೆ ಅಂದರು. ಅಂಟಿಗೆ ಬಳಸುವ ಕೆಲವು ರಾಸಾಯನಿಕ ಚರ್ಮದ ಬಣ್ಣ ಮಾಡುವ ಕೋಶಗಳನ್ನೇ ಕೊಲ್ಲುತ್ತದೆ. ಅಂದಿನಿಂದ ನಾನು ಮನೆಗೆ ಬಂದ ಕೂಡಲೇ ಬಿಂದಿ ತೆಗೆದು, ಎಣ್ಣೆ ಒತ್ತಿ ಒರೆಸುತ್ತೇನೆ. ಅಲ್ಲಿ ಸ್ವಲ್ಪ ತುರಿಕೆ ಬಂದರೂ ಸ್ಟಿಕ್ಕರ್ ಬಿಟ್ಟುಬಿಡಿ. ಅದೇ ಜಾಗಕ್ಕೆ ಚಿಕ್ಕದಾಗಿ ಕುಂಕುಮ ಇಟ್ಟರೆ, ಸುತ್ತ ಸ್ವಲ್ಪ ಪೌಡರ್ ಒತ್ತಿದರೆ, ಅದೂ ಅಷ್ಟೇನೂ ಉದುರುವುದಿಲ್ಲ.

ಕೂದಲು: ಐರನ್, ಕ್ಲಚರ್, ಪೋನಿಟೇಲ್, ತುರುಬು

ಮಂಗಳೂರಿಗೆ ಹೊಸದಾಗಿ ಹೋದಾಗ ದಿನಾ ಬೆಳಿಗ್ಗೆ 45 ನಿಮಿಷ ಕೂದಲಿಗೆ ಐರನ್ ಮಾಡುತ್ತಿದ್ದೆ. ಬ್ರಾಂಚು ತಲುಪುವಷ್ಟರಲ್ಲಿ ಬುಡದಿಂದ ಉಬ್ಬಿ, ತುದಿಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿರುತ್ತಿತ್ತು. ಅಲ್ಲಿನ ಸೀನಿಯರ್ ಒಬ್ಬರು, "ಎಂತ ಮಾರಾಯ್ತಿ, ಈ ಸೆಖೆಗೆ ಯಾರಾದ್ರೂ ಕೂದಲು ಬಿಟ್ಟುಕೊಂಡು ಬರ್ತಾರಾ" ಅಂತ ತಮ್ಮ ಬ್ಯಾಗಿನಿಂದಲೇ ಪಿನ್ ತೆಗೆದು ಕೊಟ್ಟರು. ಐರನ್ ಬಿಸಿಗೆ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಂಡು, ತಣ್ಣಗಾದಾಗ ನೇರವಾಗಿ ಕೂರುತ್ತವೆ. ಗಾಳಿಯ ತೇವ ಸಿಕ್ಕಿದರೆ ಮತ್ತೆ ಬಿಟ್ಟುಕೊಳ್ಳುತ್ತವೆ. ಕರಾವಳಿಯಲ್ಲಿ ಇದು ಗೆಲ್ಲುವ ಕೆಲಸವೇ ಅಲ್ಲ. ಬೆಂಗಳೂರಿನ ಚಳಿಗಾಲದಲ್ಲಿ ಸಂಜೆವರೆಗೂ ನಿಂತಿತು, ಒಪ್ಪುತ್ತೇನೆ. ಆದರೆ ಆರು ತಿಂಗಳಿಗೆ ತುದಿಯೆಲ್ಲ ಸೀಳು. ಈಗ ವಿಶೇಷ ದಿನಕ್ಕೆ ಮಾತ್ರ, ಅದೂ 180 ಡಿಗ್ರಿ ದಾಟದ ಹಾಗೆ, ಪೂರ್ತಿ ಒಣಗಿದ ಕೂದಲಿಗೆ.

ಸಲೂನಿನಲ್ಲಿ ಕೆರಾಟಿನ್ ಕೂಡ ಒಮ್ಮೆ ಮಾಡಿಸಿದೆ, ಅಂದರೆ ದ್ರಾವಣ ಹಚ್ಚಿ ಐರನ್ ಬಿಸಿಯಿಂದ ಕೂದಲು ನುಣುಪು ಮಾಡುವುದು. 6,500 ರೂಪಾಯಿ. ಐರನ್ ಇಟ್ಟಾಗ ಏಳುವ ಹೊಗೆಗೆ ನನ್ನ ಕಣ್ಣಲ್ಲೂ, ಮಾಡುತ್ತಿದ್ದ ಹುಡುಗಿಯ ಕಣ್ಣಲ್ಲೂ ನೀರು. ಇಂಥ ಕೆಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಅನ್ನುವ ಹಾನಿಕರ ಅನಿಲ ಬಿಡುತ್ತವೆ. ಕೂದಲು ನಾಲ್ಕು ತಿಂಗಳು ರೇಷ್ಮೆಯ ಹಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ತಿಂಗಳಿಗೊಮ್ಮೆಯೂ ಹೋಗದ ಆ ಜಾಗದಲ್ಲಿ ಆ ಹುಡುಗಿ ದಿನಾ ಅದೇ ಹೊಗೆ ಕುಡಿಯುತ್ತಾಳೆ. ಮತ್ತೆ ಮಾಡಿಸಲಿಲ್ಲ.

ಕ್ಲಚರ್ ಮನೆಗೆ ಚೆನ್ನ. ದಪ್ಪ ಕೂದಲಿಗೆ ಮಧ್ಯಾಹ್ನದೊಳಗೆ ಜಾರುತ್ತದೆ, ಕುರ್ಚಿಗೆ ಒರಗಿದರೆ ಚುಚ್ಚುತ್ತದೆ. ಬಿಗಿ ಪೋನಿಟೇಲ್ ಫೋಟೋದಲ್ಲಿ ಎರಡೂ ಹೊತ್ತು ಒಂದೇ ಥರ ಕಂಡಿತು, ಅದಕ್ಕೆ ಪೂರ್ತಿ ಅಂಕ. ಆದರೆ ನಾಲ್ಕನೇ ದಿನಕ್ಕೆ ತಲೆನೋವು. ದಿನಾ ಹೀಗೆ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಬುಡಸಮೇತ ಉದುರುತ್ತದೆ. ಹಳೆಯ ಫೋಟೋ ಪಕ್ಕ ಇಟ್ಟು ನೋಡಿದಾಗ ನನ್ನ ಬೈತಲೆಯ ಎರಡೂ ಕಡೆ ತೆಳುವಾಗಿರುವುದು ಕಂಡಿತು.

ಗೆದ್ದಿದ್ದು ಜಡೆ ಹೆಣೆದು ಸುತ್ತುವ ಕೆಳತುರುಬು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಸ್ಕೂಟರಿನಲ್ಲಿ ಮೆಟ್ರೋ ಸ್ಟೇಷನ್ನಿಗೆ ಹೋಗುತ್ತೇನೆ, ಎಷ್ಟೋ ದಿನ ಯಜಮಾನರ ಹಿಂದೆ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಕೂರಿಸಿದರೂ ಮುಂದಕ್ಕೆ ಬಾಗಿ ಹುಬ್ಬಿಗೆ ಬರುತ್ತದೆ. ಅದು ಅಪಾಯ. ಹಾಗಾಗಿ ಮನೆಯಿಂದ ಹೊರಡುವಾಗ ಬರೀ ಜಡೆ, ತಲೆಗೆ ತೆಳು ಕಾಟನ್ ಸ್ಕಾರ್ಫ್, ಮೇಲೆ ಹೆಲ್ಮೆಟ್. ಬ್ರಾಂಚಿನಲ್ಲಿ ಎರಡೇ ನಿಮಿಷ. ಜಡೆಯನ್ನು ಕುತ್ತಿಗೆಯ ಮೇಲಿನ ಗುಳಿಯ ಹತ್ತಿರ ಚಕ್ಕುಲಿಯ ಹಾಗೆ ಸುತ್ತಿ ತುದಿಯನ್ನು ಒಳಗೆ ಸೇರಿಸುತ್ತೇನೆ. ಆಮೇಲೆ ನಾಲ್ಕು ಯು ಪಿನ್. ನೇರ ಚುಚ್ಚಿದರೆ ಪಿನ್ ನಿಲ್ಲುವುದಿಲ್ಲ. ತುರುಬಿನ ಅಂಚಿನ ಒಂದೆಳೆಯನ್ನು ಹಿಡಿದು, ಮೊದಲು ಹೊರಮುಖವಾಗಿ ತೂರಿಸಿ, ತಲೆಯ ಚರ್ಮಕ್ಕೆ ತಾಗಿದ ಕೂಡಲೇ ತಿರುಗಿಸಿ ನಡುವಿಗೆ ತಳ್ಳಬೇಕು. ಕಚ್ಚಿಕೊಂಡಿತು ಅಂತ ಕೈಗೇ ಗೊತ್ತಾಗುತ್ತದೆ. ಬಿಡಿ ಕೂದಲನ್ನು ಸುಮ್ನೆ ಸುತ್ತಿ ಮಾಡಿದ ತುರುಬು ನನಗೆ ಎರಡು ಗಂಟೆಗೇ ಸಡಿಲವಾಗುತ್ತಿತ್ತು. ಹೆಣೆದಿದ್ದಕ್ಕೆ ಒಂದಕ್ಕೊಂದು ಹಿಡಿತ ಇರುತ್ತದೆ, ಎಳೆಯುವ ಅಗತ್ಯವೇ ಇಲ್ಲ. ಎದ್ದು ನಿಂತ ಪುಟ್ಟ ಕೂದಲಿಗೆ ಅಂಗೈಯಲ್ಲಿ ಉಜ್ಜಿದ ಒಂದೇ ಹನಿ ಕೊಬ್ಬರಿ ಎಣ್ಣೆ. ಮೂರೂ ಊರಿಗೆ ಒಗ್ಗಿದ್ದು ಇದೊಂದೇ.

ಬೆಂಗಳೂರಿಗೆ ಬಂದ ಮೇಲೆ ಕೂದಲು ಒರಟಾಗಿದ್ದು ನೀರಿನಿಂದ. ನಮ್ಮ ಅಪಾರ್ಟ್‌ಮೆಂಟಿನದು ಬೋರ್‌ವೆಲ್ ನೀರು, ಗಡಸು. ಶಾಂಪೂ ನೊರೆಯೇ ಬರುವುದಿಲ್ಲ. ವಾರಕ್ಕೆರಡು ಸಲ ಕಾವೇರಿ ನೀರು ಬರುವಾಗ ಒಂದು ಬಕೆಟ್ ಹಿಡಿದಿಟ್ಟು, ಕೊನೆಯ ಎರಡು ಚೊಂಬು ಅದನ್ನೇ ಹಾಕಿಕೊಳ್ಳುತ್ತೇನೆ. ದುಬಾರಿ ಸೀರಮ್ಮಿಗಿಂತ ಇದರಿಂದ ಬಂದ ವ್ಯತ್ಯಾಸ ದೊಡ್ಡದು.

ಇನ್ನು ಉಳಿದಿರುವುದು ನರೆ. ಡಬ್ಬದ ಡೈ ಮೂರು ವಾರಕ್ಕೆ ಬುಡ ತೋರಿಸುತ್ತದೆ. ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕಕ್ಕೆ ಅಲರ್ಜಿ ಇರುವವರು ಇದ್ದಾರೆ, 48 ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ನೋಡಲೇಬೇಕು. ಗೋರಂಟಿ ಮಾತ್ರ ಹಚ್ಚಿದರೆ ಕಿತ್ತಳೆ. ಗೋರಂಟಿ ಹಚ್ಚಿ ತೊಳೆದು, ಮೇಲೆ ನೀಲಿ ಸೊಪ್ಪಿನ (ಇಂಡಿಗೊ) ಪುಡಿ ಹಚ್ಚಿದರೆ ಗಾಢ ಕಂದು ಬರುತ್ತದೆ, ಆದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಮೂರನೆಯದನ್ನು ಈಗ ನೋಡುತ್ತಿದ್ದೇನೆ. ಎರಡು ತಿಂಗಳಿಂದ ಏನೂ ಹಚ್ಚಿಲ್ಲ. ಬೈತಲೆಯಲ್ಲಿ ಎರಡು ಬೆರಳಗಲ ಬೆಳ್ಳಗಾಗಿದೆ. ಕೆಳತುರುಬು ಹಾಕಿ, ಇಟ್ಟಿಗೆ ಬಣ್ಣದ ಲಿಪ್‌ಸ್ಟಿಕ್ ಹಚ್ಚಿದ ದಿನ ಆ ಬಿಳಿ ಗೆರೆ ನನಗೆ ಚೆನ್ನಾಗಿಯೇ ಕಾಣುತ್ತಿದೆ. ಸಂಜೆಯ ಫೋಟೋದಲ್ಲೂ.