ಸ್ತನದ ಗಂಟಿಗೆ ನಿರ್ವಾತ ಸೂಜಿಯ ಚಿಕಿತ್ಸೆ: ಮಗಳ ಜೊತೆ ಹೋಗಿ ಬಂದ ಅನುಭವ

26 ವರ್ಷದ ನನ್ನ ಮಗಳ ಎಡ ಸ್ತನದಲ್ಲಿ, ಬೆರಳಿಗೆ ಸಿಕ್ಕರೂ ಜಾರಿಕೊಳ್ಳುವಂಥ ಗಂಟೊಂದು ಕಾಣಿಸಿದಾಗ ಮನೆಯಲ್ಲಿ ಯಾರೂ ಕ್ಯಾನ್ಸರ್ ಎಂಬ ಪದವನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ಎಲ್ಲರ ಮನಸ್ಸಿನಲ್ಲಿದ್ದದ್ದು ಅದೇ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ವೈದ್ಯರು ಕೈಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡ್ ಮಾಡಿಸಿ, ಸೂಜಿಯ ಬಯಾಪ್ಸಿಯ ವರದಿ ಬಂದ ಮೇಲೆ, ಇದು ಫೈಬ್ರೊಅಡಿನೋಮಾ, ಅಂದರೆ ಹರೆಯದ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಅಪಾಯಕಾರಿಯಲ್ಲದ ಗಡ್ಡೆ ಎಂದು ತಿಳಿಸಿದರು. ತೆಗೆಯಲೇಬೇಕೆಂದು ಅವರು ಒತ್ತಾಯಿಸಲಿಲ್ಲ, ಹಾಗೆಯೇ ಬಿಟ್ಟು ಗಮನಿಸುತ್ತಿರಬಹುದು ಎಂದರು. ಈ ಪ್ರಾಮಾಣಿಕತೆಗೆ ಪೂರ್ಣ ಅಂಕ ಕೊಡುತ್ತೇನೆ. ಎಂಟು ತಿಂಗಳಲ್ಲಿ ಗಂಟು 1.6 ಸೆಂಟಿಮೀಟರಿನಿಂದ 2.3ಕ್ಕೆ ಬೆಳೆದಾಗ ಮಗಳೇ ತೆಗೆಸಿಕೊಳ್ಳಲು ನಿರ್ಧರಿಸಿದಳು.

ಮಂಪರು ಬರಿಸುವ ಅರಿವಳಿಕೆ ಇರಲಿಲ್ಲ. ಜಾಗ ಮರಗಟ್ಟಿಸಲು ಚುಚ್ಚುಮದ್ದು ಕೊಟ್ಟು, ಸ್ತನದ ಕೆಳಅಂಚಿನಲ್ಲಿ ಸುಮಾರು 4 ಮಿಲಿಮೀಟರಿನ ಸೀಳು ಮಾಡಿ, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತಲೇ ದಪ್ಪನೆಯ ಸೂಜಿಯನ್ನು ಗಂಟಿನ ಅಡಿಗೆ ಸರಿಸಿದರಂತೆ. ಸೂಜಿಯ ಪಕ್ಕದ ಕಿಂಡಿಯೊಳಕ್ಕೆ ನಿರ್ವಾತವು ಗಂಟಿನ ಅಂಗಾಂಶವನ್ನು ಎಳೆದುಕೊಳ್ಳುತ್ತದೆ, ಒಳಗೆ ತಿರುಗುವ ಅಲಗು ಅದನ್ನು ಕತ್ತರಿಸುತ್ತದೆ, ಪರದೆಯ ಮೇಲೆ ಗಂಟು ಕಾಣದಾಗುವವರೆಗೂ ಇದೇ ಪುನರಾವರ್ತನೆ. ನೋವಿಗಿಂತ ಯಂತ್ರದ ಸದ್ದೇ ಹೆಚ್ಚು ಹೆದರಿಸಿತು ಎಂದು ಮಗಳು ಹೇಳಿದಳು. ಅದನ್ನು ಮೊದಲೇ ಯಾರಾದರೂ ತಿಳಿಸಬಹುದಿತ್ತು. ಹೊಲಿಗೆ ಹಾಕಲಿಲ್ಲ. ದಾದಿಯೊಬ್ಬರು ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಕೈಯಿಂದ ಒತ್ತಿ ಹಿಡಿದು, ಬಿಗಿಯಾಗಿ ಪಟ್ಟಿ ಕಟ್ಟಿದರು. ಸಂಜೆಗೆ ಮನೆಗೆ ಬಂದೆವು. ರಕ್ತ ಹೆಪ್ಪುಗಟ್ಟಿದ ನೀಲಿ ಗುರುತು ಎರಡು ವಾರ ಉಳಿದು, ಹಳದಿಯಾಗಿ ಮಾಯವಾಯಿತು.

ಆಸ್ಪತ್ರೆಯ ಫಲಕದಲ್ಲಿರುವ "ಕಲೆಯಿಲ್ಲದ ಶಸ್ತ್ರಚಿಕಿತ್ಸೆ" ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಲೆ ಚಿಕ್ಕದು, ಇಲ್ಲವೆಂದಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಟು ಇಡಿಯಾಗಿ ಬರದೆ ಚೂರುಗಳಾಗಿ ಬರುವುದರಿಂದ ಅದರ ಅಂಚು ಪೂರ್ತಿ ಬಂದಿದೆಯೇ ಎಂದು ಪ್ರಯೋಗಾಲಯದಲ್ಲಿ ಹೇಳುವುದು ಕಷ್ಟ. ಉಳಿದ ಚೂರು ಮತ್ತೆ ಬೆಳೆಯಬಹುದು. ಗಂಟು ತುಂಬ ದೊಡ್ಡದಾಗಿದ್ದರೆ, ಅಥವಾ ಫಿಲೋಡ್ಸ್ ಎಂಬ ಬೇರೆ ಬಗೆಯ ಗಡ್ಡೆಯ ಅನುಮಾನವಿದ್ದರೆ, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಇಡಿಯಾಗಿ ತೆಗೆಯುವುದೇ ಸರಿಯಾದ ದಾರಿ. ಇವೆಲ್ಲವನ್ನೂ ವೈದ್ಯರು ತಾಳ್ಮೆಯಿಂದ ವಿವರಿಸಿದರು, ಆದರೆ ನಾನು ಕೇಳಿದ ಮೇಲೆ.

ದೂರು ಇರುವುದು ಬಿಲ್ಲಿನ ಬಗ್ಗೆ. ಒಮ್ಮೆ ಬಳಸಿ ಎಸೆಯುವ ಆ ಸೂಜಿಯೇ ಇಡೀ ಚಿಕಿತ್ಸೆಯ ದುಬಾರಿ ಭಾಗ; ಮುಂಗಡವಾಗಿ ಕೊಟ್ಟ ಅಂದಾಜು ಪಟ್ಟಿಯಲ್ಲಿ ಅದೇ ಇರಲಿಲ್ಲ. ವಿಮೆಯವರು ಅದಕ್ಕೆ ಪ್ರತ್ಯೇಕ ವಿವರಣೆ ಕೇಳಿದರು, ಆಸ್ಪತ್ರೆಯ ಲೆಕ್ಕ ವಿಭಾಗದವರು ನಮ್ಮನ್ನು ಮೂರು ಕೌಂಟರುಗಳಿಗೆ ಅಲೆಸಿದರು.

ಆರು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಏನೂ ಉಳಿದಿಲ್ಲವೆಂದು ಬಂದಿದೆ. ಸೂಜಿಯ ಹಣದ ಬಗ್ಗೆ ನಾನು ಬರೆದ ಪತ್ರಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.