ಸಿಬಿಎಸ್‌ಇ ಹನ್ನೊಂದು–ಹನ್ನೆರಡು: ಎರಡು ವರ್ಷ ಓದಿದವಳ ಅನುಭವ

ಹತ್ತನೇ ಕ್ಲಾಸ್ ಮುಗಿದಾಗ ಗೆಳತಿಯರೆಲ್ಲ ಪಿಯು ಕಾಲೇಜಿಗೆ ಹೋದರು. ನಾನು ಸಿಬಿಎಸ್‌ಇ ಸೀನಿಯರ್ ಸೆಕೆಂಡರಿ ಶಾಲೆಯಲ್ಲೇ ಉಳಿದೆ. ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದೆ. ಮುಗಿಸಿ ಒಂದು ವರ್ಷವಾಯಿತು. ಸೇರಬೇಕಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ಇದು ಇನ್ನೂ ಶಾಲೆಯೇ. ಬೆಳಿಗ್ಗೆ ಪ್ರಾರ್ಥನೆ, ಯೂನಿಫಾರ್ಮ್, ಡೈರಿಯಲ್ಲಿ ಅಮ್ಮನ ಸಹಿ ಎಲ್ಲವೂ ಇರುತ್ತದೆ. ಗೆಳತಿಯರು 'ನಮ್ಮ ಕಾಲೇಜಲ್ಲಿ' ಅಂತ ಮಾತು ಶುರು ಮಾಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಅದೇ ಶಾಲೆ ಅನ್ನೋದು ಕಷ್ಟಕಾಲದಲ್ಲಿ ಕೈ ಹಿಡಿಯಿತು. ಹನ್ನೊಂದನೆಯ ಮೊದಲ ಫಿಸಿಕ್ಸ್ ಟೆಸ್ಟ್‌ನಲ್ಲಿ ನಾನು ಫೇಲಾದೆ. ಎಂಟನೇ ಕ್ಲಾಸಿನಿಂದ ನನ್ನನ್ನು ನೋಡಿದ್ದ ಮ್ಯಾಥ್ಸ್ ಮಿಸ್ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ಕರೆದು ಕೂರಿಸಿಕೊಂಡು ಮಾತಾಡಿದರು. ಹೊಸ ಜಾಗದಲ್ಲಿ ಆ ಹೊತ್ತಿಗೆ ನನ್ನ ಹೆಸರೂ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಫೇಲಾದದ್ದು ನಾನೊಬ್ಬಳೇ ಅಲ್ಲ. ಹತ್ತನೆಯಲ್ಲಿ ತೊಂಬತ್ತರ ಮೇಲೆ ತೆಗೆದವರೂ ಬಿದ್ದಿದ್ದರು. ಇದಕ್ಕೆ ಒಂದು ಕಾರಣ ಯಾರೂ ಮೊದಲೇ ಹೇಳುವುದಿಲ್ಲ. ಹನ್ನೊಂದನೆಯ ಫಿಸಿಕ್ಸ್‌ನಲ್ಲಿ ಚಲನೆಯ ಪಾಠ ಶುರುವಿನಲ್ಲೇ ಬರುತ್ತದೆ, ಅದಕ್ಕೆ ಡಿಫರೆನ್ಸಿಯೇಷನ್ ಅನ್ನೋ ಗಣಿತ ಬೇಕು. ಮ್ಯಾಥ್ಸ್ ಪುಸ್ತಕದಲ್ಲಿ ಅದು ಬರುವುದು ಕೊನೆಯ ಹೊತ್ತಿಗೆ. ಇಂಟಿಗ್ರೇಷನ್ ಅಂತೂ ಹನ್ನೆರಡರಲ್ಲಿ! ನನಗೆ ತಿಂಗಳುಗಟ್ಟಲೆ ತಲೆಬುಡ ಅರ್ಥವಾಗಲಿಲ್ಲ, ನಾನೇ ದಡ್ಡಿ ಅಂದುಕೊಂಡು ಅತ್ತಿದ್ದೇನೆ. ದಯವಿಟ್ಟು ಹತ್ತನೆಯ ರಜೆಯಲ್ಲಿ ಡಿಫರೆನ್ಸಿಯೇಷನ್‌ನ ನಾಲ್ಕು ಸರಳ ಸೂತ್ರ ಕಲಿತುಕೊಂಡು ಹೋಗಿ. ಅಷ್ಟೇ ಸಾಕು.

ಇನ್ನು ನನ್ನ ದೊಡ್ಡ ದೂರು. ಹನ್ನೊಂದನೆಯಲ್ಲಿ ದಸರಾ ರಜೆ ಮುಗಿಸಿ ಬಂದರೆ ಕೆಮಿಸ್ಟ್ರಿ ಸರ್ ಕೆಲಸ ಬಿಟ್ಟಿದ್ದರು. ಎರಡು ತಿಂಗಳು ಬದಲಿ ಯಾರೂ ಬರಲಿಲ್ಲ. ಶಾಲೆಯವರು ಅಪ್ಪ ಅಮ್ಮಂದಿರಿಗೆ ಒಂದು ಮಾತೂ ತಿಳಿಸಲಿಲ್ಲ, ಪೀರಿಯಡ್ ಸುಮ್ನೆ ಖಾಲಿ ಹೋಗುತ್ತಿತ್ತು. ಬೋರ್ಡ್ ಪರೀಕ್ಷೆ ಹನ್ನೆರಡಕ್ಕೆ ಮಾತ್ರ, ಹಾಗಾಗಿ ಹನ್ನೊಂದನೆಯವರನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಆಗ ಬಿಟ್ಟುಹೋದ ಕೆಮಿಕಲ್ ಬಾಂಡಿಂಗ್ ಪಾಠ ಹನ್ನೆರಡರ ಉದ್ದಕ್ಕೂ ನನ್ನನ್ನು ಕಾಡಿತು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇಯಲ್ಲೂ ಎರಡೂ ವರ್ಷದ ಪಾಠ ಕೇಳುತ್ತಾರೆ. ಅದಕ್ಕೇ ಶಾಲೆ ನೋಡಲು ಹೋದಾಗ ಕಟ್ಟಡ, ಈಜುಕೊಳ ನೋಡಿ ಮರುಳಾಗಬೇಡಿ. ಹನ್ನೊಂದಕ್ಕೆ ಯಾರು ಪಾಠ ಮಾಡುತ್ತಾರೆ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಈಗ ಅಲ್ಲೇ ಓದುತ್ತಿರುವ ಮಕ್ಕಳನ್ನು ಕೇಳಿದರೆ ಇನ್ನೂ ಒಳ್ಳೆಯದು.

ಲ್ಯಾಬ್ ಬಾಗಿಲನ್ನೂ ತೆಗೆಸಿ ನೋಡಿ. ಫಿಸಿಕ್ಸ್, ಕೆಮಿಸ್ಟ್ರಿಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಎರಡರಲ್ಲೂ ಬೇರೆ ಬೇರೆಯಾಗಿ ಶೇ. 33 ಬರಬೇಕು. ಅಂಕದ ಮಾತು ಬಿಡಿ, ನನಗೆ ಆ ಎರಡು ವರ್ಷದಲ್ಲಿ ತುಂಬ ಇಷ್ಟವಾದದ್ದೇ ಲ್ಯಾಬ್. ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ ಪರ್ಮಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಕೂತು, ಫ್ಲಾಸ್ಕ್‌ನಲ್ಲಿ ತಿಳಿ ಗುಲಾಬಿ ಬಣ್ಣ ಬಂದು ನಿಂತ ಆ ಗಳಿಗೆ ಇನ್ನೂ ಕಣ್ಣ ಮುಂದಿದೆ. ಕೆಲವು ಕಡೆ ಹೆಸರು ಮಾತ್ರ ಶಾಲೆಯಲ್ಲಿ, ಓದು ಪೂರ್ತಿ ಕೋಚಿಂಗ್‌ನಲ್ಲಿ. ಬೋರ್ಡ್ ಶೇ. 75 ಹಾಜರಾತಿ ಕೇಳುತ್ತದೆ, ಹಾಗಾಗಿ ಅದು ಅಪಾಯದ ದಾರಿ. ಇಂಥ ಗಳಿಗೆಯೂ ಅಲ್ಲಿ ಸಿಗುವುದಿಲ್ಲ, ಅಲ್ವಾ?

ಒಂದು ಕೊರತೆ ಮಾತ್ರ ಇವತ್ತಿಗೂ ನೋಯಿಸುತ್ತದೆ. ಪಿಯುನಲ್ಲಿ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ನಮಗೆ ಐದು ವಿಷಯ, 500 ಅಂಕ. ಒಂದು ಭಾಷೆ ಇದ್ದರೆ ಸಾಕು, ಅದು ನಮ್ಮ ಶಾಲೆಯಲ್ಲಿ ಇಂಗ್ಲಿಷ್. ಸಿಬಿಎಸ್‌ಇ ಪಟ್ಟಿಯಲ್ಲಿ ಕನ್ನಡ ಇದೆ, ನಮ್ಮ ಶಾಲೆಯಲ್ಲಿ ಇರಲಿಲ್ಲ. ಎರಡು ವರ್ಷ ಕನ್ನಡದ ಒಂದು ಪದ್ಯವನ್ನೂ ಯಾರೂ ಪಾಠ ಮಾಡಲಿಲ್ಲ. ಓದಿನ ಹೊರೆ ಕಡಿಮೆಯಾಯಿತು ನಿಜ. ಆದರೆ ಗೆಳತಿ ತನ್ನ ಕನ್ನಡ ಮೇಷ್ಟ್ರ ಬಗ್ಗೆ ಹೇಳುವಾಗ ನನಗೆ ಹೇಳಲು ಏನೂ ಇರುತ್ತಿರಲಿಲ್ಲ.

ಸಿಬಿಎಸ್‌ಇಯಲ್ಲಿ ಓದಿದರೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೆ ತೊಂದರೆಯಾಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಸಿಇಟಿಯಲ್ಲಿ ಕೇಳುವುದು ಪಿಯು ಪಾಠ, ಆದರೆ ಪಿಯು ವಿಜ್ಞಾನಕ್ಕೂ ನಮ್ಮ ಹಾಗೆ ಎನ್‌ಸಿಇಆರ್‌ಟಿ ಪುಸ್ತಕದ ಪಾಠಗಳೇ ಇರುವುದು. ನನಗೆ ತೊಂದರೆಯಾಗಲಿಲ್ಲ.

ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಎರಡು ತಿಂಗಳ ಖಾಲಿ ಪೀರಿಯಡ್‌ಗೆ. ಕೊನೆಯದಾಗಿ, ತಗೊಂಡ ವಿಷಯ ಒಗ್ಗುತ್ತಿಲ್ಲ ಅನಿಸಿದರೆ ಮೊದಲ ತಿಂಗಳಲ್ಲೇ ಮನೆಯಲ್ಲಿ ಹೇಳಿ. ಬೋರ್ಡ್ ನೋಂದಣಿ ಹನ್ನೊಂದರಲ್ಲೇ ಆಗುತ್ತದೆ, ಆಮೇಲೆ ಬದಲಾಯಿಸುವುದು ಬಹಳ ಕಷ್ಟ. ನನ್ನ ಪಕ್ಕದ ಬೆಂಚಿನವಳು ಮನಸ್ಸಿಲ್ಲದೆ ಮ್ಯಾಥ್ಸ್ ತಗೊಂಡಿದ್ದಳು. ಅಪ್ಪನಿಗೆ ಹೇಳಲು ಧೈರ್ಯ ಬಂದಾಗ ಡಿಸೆಂಬರ್ ಆಗಿಹೋಗಿತ್ತು.